ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್ನಿನ ಕನ್ನಡ ಕಾರ್ಯ

ಬಾಸೆಲ್ ಮಿಷನ್ ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಪ್ರಾಟೆಸ್ಟೆಂಟ್ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ. ಇದರ ಪಾದ್ರಿಗಳು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದು ನೆಲೆಸಿದರು. ಮತಪ್ರಚಾರದ ಸಾಧನವಾಗಿ ಆರಂಭವಾದ ಅವರ ಕನ್ನಡ ಕಲಿಕೆಯು ಮುಂದೆ ಶಾಲೆ, ಮುದ್ರಣ, ಪತ್ರಿಕೆ, ಹಳೆಯ ಕಾವ್ಯಗಳ ಪ್ರಕಟಣೆ, ವ್ಯಾಕರಣ ಹಾಗೂ ನಿಘಂಟು ರಚನೆಗಳವರೆಗೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಸಭೆಯಲ್ಲಿ ಬೆಳೆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳ ಸಂಪಾದಕರಾಗಿ, ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ನಾಡಿಗೆಲ್ಲ ಪರಿಚಿತರಾದರು. ಪ್ರಸ್ತುತ ಲೇಖನವು ಮಿಷನ್ನಿನ ಒಟ್ಟು ಚರಿತ್ರೆಯನ್ನು ಹೇಳದೆ, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಮತ್ತು ಅವುಗಳ ಸುತ್ತಲಿನ ಕುಂದಗೋಳ, ನವಲಗುಂದ ಭಾಗಗಳ ಹಿನ್ನೆಲೆಯಲ್ಲಿ ಕ್ರೈಸ್ತಧರ್ಮವು ಕನ್ನಡದ ಸಾಹಿತ್ಯ ಮತ್ತು ಶಿಕ್ಷಣಗಳೊಡನೆ ನಡೆಸಿದ ವ್ಯವಹಾರವನ್ನು ವಿವರಿಸುತ್ತದೆ. ಮಂಗಳೂರಿನಲ್ಲಿ ಮಿಷನ್ನಿನ ಮುದ್ರಣಾಲಯವಿದ್ದುದರಿಂದ ಅಲ್ಲಿನ ಕೆಲಸವನ್ನೂ ಅಲ್ಲಲ್ಲಿ ಪ್ರಸ್ತಾಪಿಸುವುದು ಅನಿವಾರ್ಯವಾಗಿದೆ.

ಹಿನ್ನೆಲೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಧಾರವಾಡ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಜನರ ಮನೆಮಾತು ಕನ್ನಡವಾಗಿದ್ದರೂ ಕಚೇರಿಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತಿತ್ತು. ಸರ್ಕಾರಿ ಶಾಲೆಗಳೂ ಅದೇ ದಾರಿ ಹಿಡಿದವು. ಆಡಳಿತದ ಕಡತಗಳಲ್ಲಿ ಈ ಪ್ರದೇಶದ ಹೆಸರೇ ‘ದಕ್ಷಿಣ ಮರಾಠಾ ಸೀಮೆ’ ಎಂದಿತ್ತು. ಪಟವರ್ಧನ ಮನೆತನದ ಸಂಸ್ಥಾನಗಳು ಬ್ರಿಟಿಷ್ ಪ್ರದೇಶದ ನಡುನಡುವೆ ಚದುರಿದ್ದವು. ಕುಂದಗೋಳವು ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಂದು ಕುಂದಗೋಳ ತಾಲೂಕಿನಲ್ಲಿರುವ, ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುಮಾರ್ಗದ ಸಂಶಿ, ಗುಡಗೇರಿಗಳಂಥ ಊರುಗಳಲ್ಲಿ ಮಾತು, ಹಾಡು, ಪುರಾಣ, ಪ್ರವಚನ ಎಲ್ಲವೂ ಕನ್ನಡವೇ ಆಗಿದ್ದು, ಅಕ್ಷರದ ಅಧಿಕಾರ ಮಾತ್ರ ಬೇರೆ ಭಾಷೆಯ ಕೈಯಲ್ಲಿತ್ತು.

ಧಾರವಾಡದಲ್ಲಿ ಅಧಿಕಾರಿಯಾಗಿದ್ದು ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಈ ಅಸಂಗತಿಯನ್ನು ಗುರುತಿಸಿದವರಲ್ಲಿ ಮೊದಲಿಗ. ಆತ ಸ್ವಂತ ಖರ್ಚಿನಲ್ಲಿ ಕನ್ನಡ ಶಾಲೆಯನ್ನು ನಡೆಸಿದನೆಂಬುದು ಪ್ರಸಿದ್ಧವಾಗಿದೆ. ಮುಂದೆ ಶಿಕ್ಷಣಾಧಿಕಾರಿ ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪನವರ ಪ್ರಯತ್ನದಿಂದ ಕನ್ನಡ ಶಾಲೆಗಳು ಹೆಚ್ಚಿದವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬಾಸೆಲ್ ಮಿಷನ್ನಿನ ಪಾದ್ರಿಗಳು ಬಂದದ್ದು ಇವೆರಡರ ನಡುವಿನ ಕಾಲದಲ್ಲಿ.

ಅವರೇ ಮೊದಲಿಗರೇನೂ ಅಲ್ಲ. ಲಂಡನ್ ಮಿಷನರಿ ಸೊಸೈಟಿಯು 1810ರಿಂದ ಬಳ್ಳಾರಿಯಲ್ಲಿ ಕೆಲಸ ಮಾಡುತ್ತಿತ್ತು. ಅಲ್ಲಿನ ಜಾನ್ ಹ್ಯಾಂಡ್ಸ್ ಬೈಬಲಿನ ಕನ್ನಡ ಅನುವಾದವನ್ನು ಕೈಗೊಂಡಿದ್ದನು; ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಪ್ರಕಟಿಸಿದ್ದನು. ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ಅವಕಾಶ ದೊರೆಯಿತು. ಅದರ ಮರುವರ್ಷವೇ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು.

ಕೇಂದ್ರಗಳ ಸ್ಥಾಪನೆ

ಮಿಷನ್ ಘಟ್ಟವನ್ನು ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆಯಿತು. 1836ರಲ್ಲಿ ಮಂಗಳೂರಿಗೆ ಬಂದಿದ್ದ ಹರ್ಮನ್ ಮೋಗ್ಲಿಂಗ್ ಧಾರವಾಡದ ಆರಂಭದ ಕಾರ್ಯದಲ್ಲಿ ಪಾಲುಗೊಂಡಿದ್ದನು. ಪಾದ್ರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅಲ್ಲಿನ ಭಕ್ತಿಪ್ರಧಾನ ಲೂಥರನ್ ಪರಂಪರೆಯಲ್ಲಿ ಬೆಳೆದವರು. ಜನರಿಗೆ ಧರ್ಮವನ್ನು ಅವರ ತಾಯ್ನುಡಿಯಲ್ಲಿಯೇ ಹೇಳಬೇಕೆಂಬುದು ಆ ಪರಂಪರೆಗೆ ಮೂಲಭೂತವಾದ ನಂಬಿಕೆ. ಮರಾಠಿಯ ಪ್ರಾಬಲ್ಯವಿದ್ದ ಪ್ರದೇಶದಲ್ಲಿ ಅವರು ಕನ್ನಡವನ್ನು ಹಿಡಿದುದಕ್ಕೆ ಇದೇ ಕಾರಣ. ನಾಡಭಿಮಾನವನ್ನು ಅಲ್ಲಿ ಹುಡುಕಬೇಕಾಗಿಲ್ಲ. ಆದರೂ ಅದರ ಪರಿಣಾಮವು ನಾಡಭಿಮಾನಿಗಳ ಕೆಲಸಕ್ಕೆ ನೆರವಾಯಿತು.

ಹುಬ್ಬಳ್ಳಿಯ ಆರಂಭದ ದಿನಗಳಲ್ಲಿ ನಡೆದ ಒಂದು ಪ್ರಸಂಗವು ಈ ಎರಡು ಲೋಕಗಳ ಭೇಟಿ ಎಷ್ಟು ವಿಚಿತ್ರವಾಗಿತ್ತೆಂಬುದನ್ನು ತೋರಿಸುತ್ತದೆ. ಈ ಭಾಗದಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಗುಂಪಿತ್ತು. ಮುಂದೊಂದು ಕಾಲದಲ್ಲಿ ಪಶ್ಚಿಮದಿಂದ ಗುರುಗಳು ಬರುವರೆಂಬ ನಿರೀಕ್ಷೆ ಅವರದು. ಬಿಳಿಯ ಪಾದ್ರಿಗಳನ್ನು ಕಂಡಾಗ, ವಚನಗಳು ಹೇಳಿದವರು ಇವರೇ ಇರಬಹುದೆಂದು ಅವರಲ್ಲಿ ಕೆಲವರು ಭಾವಿಸಿದರು. ಪಾದ್ರಿಗಳಾದರೋ ಸಾವಿರಾರು ಜನ ಒಮ್ಮೆಗೇ ಸಭೆಗೆ ಸೇರುವರೆಂದು ಆಸೆಪಟ್ಟರು. ಅವರಿಗಾಗಿ 1841ರಲ್ಲಿ ಗದಗಿನ ಬಳಿಯ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಲಾಯಿತು. ನಿರೀಕ್ಷೆ ಎರಡು ಕಡೆಯಲ್ಲೂ ಹುಸಿಯಾಯಿತು. ಕಾಲಜ್ಞಾನಿಗಳು ತಮ್ಮ ಪರಂಪರೆಯ ಪೂರ್ಣತೆಗಾಗಿ ಗುರುವನ್ನು ಹುಡುಕುತ್ತಿದ್ದರು. ಪಾದ್ರಿಗಳು ಆ ಪರಂಪರೆಯನ್ನೇ ಬಿಡಬೇಕೆಂದು ಕೇಳುತ್ತಿದ್ದರು. ಮಲಸಮುದ್ರದ ನೆಲೆ ಬಹುಕಾಲ ಉಳಿಯಲಿಲ್ಲ.

ಪದಗಳ ಆಯ್ಕೆ

ಕ್ರೈಸ್ತ ವಿಚಾರಗಳನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಮೊದಲು ಎದುರಾದುದು ಪದಗಳ ಪ್ರಶ್ನೆ. ಕನ್ನಡದಲ್ಲಿ ಧಾರ್ಮಿಕ ಶಬ್ದಗಳಿಗೆ ಕೊರತೆಯಿರಲಿಲ್ಲ. ತೊಡಕಿದ್ದುದು ಅವುಗಳ ಸಮೃದ್ಧಿಯಲ್ಲಿಯೇ. ‘ದೀಕ್ಷಾಸ್ನಾನ’ ಎಂಬ ಪದವನ್ನು ಗಮನಿಸಬಹುದು. ನೀರಿನಿಂದ ನಡೆಯುವ ಕ್ರೈಸ್ತ ಸಂಸ್ಕಾರಕ್ಕೆ ಕನ್ನಡ ಬೈಬಲ್ ಬಳಸುವ ಈ ಸಮಾಸದಲ್ಲಿ ‘ದೀಕ್ಷೆ’ಯು ಹುಬ್ಬಳ್ಳಿಯ ಲಿಂಗಾಯತ ಕೇಳುಗನಿಗೆ ಲಿಂಗದೀಕ್ಷೆಯನ್ನೂ, ‘ಸ್ನಾನ’ವು ತೀರ್ಥಯಾತ್ರೆಯ ಪುಣ್ಯಸ್ನಾನವನ್ನೂ ನೆನಪಿಗೆ ತರುತ್ತದೆ. ‘ಪಾಪ’ವೆಂದರೆ ಪಾದ್ರಿಯ ಮನಸ್ಸಿನಲ್ಲಿ ಆದಾಮನಿಂದ ಬಂದ ಮನುಷ್ಯಕುಲದ ಪತನ, ಕೇಳುವವನ ಮನಸ್ಸಿನಲ್ಲಿ ಈ ಜನ್ಮದ ಅಥವಾ ಹಿಂದಿನ ಜನ್ಮದ ಕರ್ಮ. ‘ರಕ್ಷಣೆ’, ‘ಕೃಪೆ’, ‘ಪ್ರಾಯಶ್ಚಿತ್ತ’ ಇವೂ ಹಾಗೆಯೇ.

ಹೀಗೆ ಎರವಲು ಪಡೆದ ಮಾತುಗಳಿಂದ ಬೈಬಲಿನ ಗದ್ಯಕ್ಕೆ ಒಂದು ವಿಶಿಷ್ಟ ಧಾಟಿ ಬಂದಿತು. ಮೂಲದ ವಾಕ್ಯರಚನೆಗೆ ಅಂಟಿಕೊಂಡ ಆ ಧಾಟಿಯನ್ನು ‘ಪಾದ್ರಿ ಕನ್ನಡ’ ಎಂದು ಲೇವಡಿ ಮಾಡುವುದುಂಟು. ಜರ್ಮನ್ ಕೀರ್ತನೆಗಳ ರಾಗಕ್ಕೆ ಹೊಂದಿಸಿ ರಚಿಸಿದ ಗೀತೆಗಳಲ್ಲಿ ಈ ಬಿಗುವು ಇನ್ನೂ ಹೆಚ್ಚು. ಕನ್ನಡದ ಲಘು-ಗುರುಗಳು ಪಾಶ್ಚಾತ್ಯ ತಾಳಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಆದರೆ ಪಾದ್ರಿಗಳ ಗದ್ಯವನ್ನೆಲ್ಲ ಈ ಒಂದೇ ಮಾತಿನಿಂದ ತಳ್ಳಿಹಾಕುವುದು ಸರಿಯಲ್ಲ. ಜಾನ್ ಬನಿಯನ್ನನ ಕೃತಿಯನ್ನು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದ ಗಾಟ್‌ಫ್ರೀಡ್ ವೈಗಲ್ ಮತ್ತು ಮೋಗ್ಲಿಂಗ್ ಆಡುಮಾತಿನ ಲಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕಾವ್ಯದ ಗದ್ಯಾನುವಾದವೂ ಅಲ್ಲದ, ಕಚೇರಿಯ ಬರೆಹವೂ ಅಲ್ಲದ ಕಥನಗದ್ಯ ಕನ್ನಡದಲ್ಲಿ ಇನ್ನೂ ರೂಪುಗೊಳ್ಳುತ್ತಿದ್ದ ಕಾಲವದು.

ಶಾಲೆಗಳು

ಮಿಷನ್ ತಾನು ನೆಲೆಸಿದ ಊರುಗಳಲ್ಲೆಲ್ಲ ಶಾಲೆಗಳನ್ನು ತೆರೆಯಿತು. ಓದು, ಬರೆಹ, ಲೆಕ್ಕದ ಜೊತೆಗೆ ಬೈಬಲ್ ಪಾಠವೂ ಇರುತ್ತಿತ್ತು. ಹುಡುಗಿಯರಿಗಾಗಿ ಪ್ರತ್ಯೇಕ ಶಾಲೆಗಳನ್ನು ನಡೆಸಿದುದು ಆ ಕಾಲಕ್ಕೆ ಗಮನಾರ್ಹ. ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಬೇಕಾದುದು ವಿದ್ಯೆ. ಶಾಲೆ ನಡೆಸುವವರಿಗೆ ಬೇಕಾದುದು ಅದಕ್ಕಿಂತ ಹೆಚ್ಚಿನದು. ಇಬ್ಬರಿಗೂ ಇದು ತಿಳಿದಿತ್ತು. ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನು ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರಿನಲ್ಲಿ ಕೋಲಾಹಲವೆದ್ದು, ಮಿಷನ್ನಿನ ಇಂಗ್ಲಿಷ್ ಶಾಲೆಯಿಂದ ಅನೇಕರು ಮಕ್ಕಳನ್ನು ಬಿಡಿಸಿಕೊಂಡರು. ನಂಬಿಕೆಯ ಈ ಬಿರುಕು ಘಟ್ಟದ ಮೇಲಿನ ಶಾಲೆಗಳಿಗೂ ಹೊರತಾಗಿರಲಿಲ್ಲ.

ಶಿಕ್ಷಣದಲ್ಲಿ ಜಾತಿಯ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂಬುದಕ್ಕೆ ಧಾರವಾಡವೇ ಸಾಕ್ಷಿ. 1856ರ ಜೂನ್ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಬಯಸಿದ, ದಾಖಲೆಗಳಲ್ಲಿ ಮಹಾರ್ ಜಾತಿಯವನೆಂದು ಹೇಳಲಾದ ಒಬ್ಬ ಹುಡುಗನಿಗೆ ಪ್ರವೇಶ ನಿರಾಕರಿಸಲಾಯಿತು. ಮನವಿಯು ಮುಂಬಯಿ ಸರ್ಕಾರದವರೆಗೆ ಹೋಯಿತು. ಒಬ್ಬ ಹುಡುಗನಿಗಾಗಿ ಉಳಿದ ಎಲ್ಲರೂ ಶಾಲೆ ಬಿಡುವಂತಾದರೆ ಶಾಲೆಯೇ ನಿರರ್ಥಕವಾಗುವುದೆಂಬ ವಾದವನ್ನು ಮುಂದಿಟ್ಟು ಸರ್ಕಾರ ಅವನಿಗೆ ನೆರವಾಗಲಿಲ್ಲ. ಪ್ರಕರಣವು ಮೇಲಧಿಕಾರಿಗಳ ಪರಿಶೀಲನೆಗೆ ಬಂದು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವವನ್ನು ಕಾಗದದ ಮೇಲೆ ಒಪ್ಪಿಕೊಳ್ಳುವುದಕ್ಕೆ ಕಾರಣವಾಯಿತು. 1882ರ ಹಂಟರ್ ಶಿಕ್ಷಣ ಆಯೋಗವೂ, 1928ರಲ್ಲಿ ಸೈಮನ್ ಆಯೋಗಕ್ಕೆ ಹೇಳಿಕೆ ಸಲ್ಲಿಸಿದಾಗ ಡಾ. ಬಿ. ಆರ್. ಅಂಬೇಡ್ಕರರೂ ಇದನ್ನು ನೆನೆದಿದ್ದಾರೆ. ಭಾರತದ ಶಿಕ್ಷಣ ಚರಿತ್ರೆಯಲ್ಲಿ ಧಾರವಾಡದ ಹೆಸರು ಹೀಗೂ ಒಂದೆಡೆ ದಾಖಲಾಗಿದೆ. ಹುಡುಗನ ಹೆಸರಿಗಿಂತ ಅವನ ಜಾತಿಯೇ ಹೆಚ್ಚು ದಾಖಲಾಯಿತು.

ಮಿಷನ್ ಶಾಲೆಗಳು ತತ್ತ್ವತಃ ಎಲ್ಲ ಜಾತಿಯ ಮಕ್ಕಳಿಗೂ ತೆರೆದಿದ್ದವು. ಅಕ್ಷರದಿಂದ ದೂರವಿಡಲ್ಪಟ್ಟ ಕುಟುಂಬಗಳಿಗೆ ಈ ಬಾಗಿಲು ದೊಡ್ಡದೇ ಆಗಿತ್ತು. ಆದರೆ ಅಸ್ಪೃಶ್ಯರೆನಿಸಿಕೊಂಡವರ ಮಗು ಒಳಗೆ ಬಂದರೆ ಮೇಲ್ಜಾತಿಯ ಮಕ್ಕಳು ಹೊರಗೆ ಹೋಗುವ ಪರಿಸ್ಥಿತಿಯನ್ನು ಅವೂ ಎದುರಿಸಬೇಕಾಗಿತ್ತು. 1876–78ರ ಭೀಕರ ಬರಗಾಲದಲ್ಲಿ ಧಾರವಾಡ ಜಿಲ್ಲೆ ತತ್ತರಿಸಿದಾಗ ಮಿಷನ್ ಅನಾಥ ಮಕ್ಕಳನ್ನು ಸಾಕಿ ಓದಿಸಿತು. ಮತಾಂತರಗೊಂಡವರು ಕುಲಕಸುಬನ್ನೂ ನೆಂಟಸ್ತಿಕೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಜೀವನೋಪಾಯ ಒದಗಿಸುವ ಹೊಣೆಯೂ ಮಿಷನ್ನಿನ ಮೇಲೆ ಬಿದ್ದಿತು. ನೇಯ್ಗೆ ಹಾಗೂ ಹಂಚಿನ ಕಾರ್ಖಾನೆಗಳು ಹುಟ್ಟಿದ್ದು ಹೀಗೆ. ಇಂದು ‘ಮಂಗಳೂರು ಹಂಚು’ ಎನ್ನುವ ಹೆಂಚಿನ ಮೂಲ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಮಿಷನ್ ಕಾರ್ಖಾನೆಯಲ್ಲಿದೆ.

ಮುದ್ರಣ ಮತ್ತು ಗ್ರಂಥ ಸಂಪಾದನೆ

1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಪ್ರಾರಂಭವಾಯಿತು. ಅಲ್ಲಿಂದ 1843ರ ಜುಲೈ 1ರಂದು ಮೋಗ್ಲಿಂಗನ ಸಂಪಾದಕತ್ವದಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ವನ್ನು ಕನ್ನಡದ ಮೊದಲ ಪತ್ರಿಕೆಯೆಂದು ಗಣಿಸಲಾಗಿದೆ, ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಪಾಕ್ಷಿಕವಾಗಿದ್ದ ಈ ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು. ಊರ ಸುದ್ದಿ, ಸರ್ಕಾರದ ಕಾಯ್ದೆ, ದೂರದೇಶದ ವರ್ತಮಾನ, ಕಥೆ, ಹಾಡು ಎಲ್ಲಕ್ಕೂ ಅದರಲ್ಲಿ ಸ್ಥಳವಿತ್ತು.

ಹಳೆಯ ಕಾವ್ಯಗಳ ಪ್ರಕಟಣೆ ಇನ್ನೂ ಹೆಚ್ಚು ಅನಿರೀಕ್ಷಿತವಾದ ಕೆಲಸ. ನಿವೃತ್ತ ನ್ಯಾಯಾಧೀಶ ಕಾಸಾಮೇಜರನ ಧನಸಹಾಯದಿಂದ ಮೋಗ್ಲಿಂಗ್ 1848ರಿಂದ 1853ರವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಹೊರತಂದನು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದವು ಅದರಲ್ಲಿ ಅಚ್ಚಾದವು. ವಿಗ್ರಹಾರಾಧನೆಯನ್ನು ಖಂಡಿಸುವ ಕಿರುಹೊತ್ತಗೆಗಳನ್ನು ಮುದ್ರಿಸಿದ ಅದೇ ಅಚ್ಚುಕೂಟದಿಂದ ವಿಠಲನ ಭಕ್ತರ ಪದಗಳೂ ಮುದ್ರಣಗೊಂಡವು! ಜನರ ಮನಸ್ಸನ್ನು ತಿಳಿಯಬೇಕಾದರೆ ಜನರು ಪ್ರೀತಿಸುವ ಗ್ರಂಥಗಳನ್ನು ಓದಬೇಕೆಂಬುದು ಇದಕ್ಕೆ ಕೊಡಲಾದ ಸಮರ್ಥನೆ. ಆದರೆ ತಾಳೆಗರಿಗಳನ್ನು ಹೋಲಿಸಿ, ಪಾಠವನ್ನು ನಿರ್ಣಯಿಸಿ, ವರ್ಷಗಟ್ಟಲೆ ಅಚ್ಚಿನ ಮೊಳೆಯ ಕಷ್ಟಗಳನ್ನು ಸಹಿಸಿ ಕೂರುವವನು ಶತ್ರುಶಿಬಿರದ ಗುಟ್ಟು ತಿಳಿಯಲೆಂದು ಮಾತ್ರ ಹಾಗೆ ಕೂರಲಾರ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗನಿಗೆ ಗೌರವ ಡಾಕ್ಟರೇಟ್ ನೀಡಿತು.

ಧಾರವಾಡ ಸೀಮೆಯ ಪಾದ್ರಿಗಳಿಗೆ ಲಿಂಗಾಯತ ಸಾಹಿತ್ಯದ ಪರಿಚಯ ಅಗತ್ಯವಾಗಿತ್ತು. ಈ ಭಾಗದಲ್ಲಿ ಕೆಲಸಮಾಡಿದ ವ್ಯುರ್ತ್ ಎಂಬಾತ ಬಸವ ಪುರಾಣ ಮತ್ತು ಚನ್ನಬಸವ ಪುರಾಣಗಳ ಇಂಗ್ಲಿಷ್ ಅನುವಾದವನ್ನು 1860ರ ದಶಕದಲ್ಲಿ ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. 1868ರಲ್ಲಿ ಆತ ಹೊರತಂದ ‘ಪ್ರಾಕ್ಕಾವ್ಯಮಾಲಿಕೆ’ ವಿದ್ಯಾರ್ಥಿಗಳಿಗಾಗಿ ಆಯ್ದ ಹಳೆಯ ಕಾವ್ಯಭಾಗಗಳ ಸಂಕಲನ.

ಕಿಟ್ಟೆಲ್ ಮತ್ತು ನಿಘಂಟು

ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲೆಂಡಿನಲ್ಲಿ ಜನಿಸಿ 1853ರಲ್ಲಿ ಭಾರತಕ್ಕೆ ಬಂದನು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಅವನ ಜೀವಿತದ ಮುಖ್ಯಭಾಗ ಕಳೆಯಿತು. ಮತಪ್ರಚಾರಕನಾಗಿ ಅವನಿಗೆ ದೊಡ್ಡ ಯಶಸ್ಸೇನೂ ದೊರೆಯಲಿಲ್ಲ. ಸಹೋದ್ಯೋಗಿಗಳಿಗೆ ಅವನ ಅಧ್ಯಯನದ ಗೀಳು ಎಂದೂ ಪೂರ್ತಿ ಹಿಡಿಸಲೂ ಇಲ್ಲ.

1862ರಲ್ಲಿ ಪ್ರಕಟವಾದ ಅವನ ‘ಕಥಾಮಾಲೆ’ಯು ಕ್ರಿಸ್ತನ ಜೀವನವನ್ನು ಕನ್ನಡದ ದೇಶೀಯ ಛಂದಸ್ಸುಗಳಲ್ಲಿ ಹೇಳುತ್ತದೆ. ಗೋವೆಯಲ್ಲಿ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1616ರಲ್ಲಿ ಮರಾಠಿ ಓವಿಯಲ್ಲಿ ‘ಕ್ರಿಸ್ತ ಪುರಾಣ’ವನ್ನು ರಚಿಸಿದ ಮಾದರಿ ಪಕ್ಕದಲ್ಲೇ ಇದ್ದರೂ ಕನ್ನಡದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂಥದು ಹೊಸದು. ಛಂದಸ್ಸಿನ ಈ ಹುಡುಕಾಟ ಅವನನ್ನು ಲಾಕ್ಷಣಿಕರ ಬಳಿಗೆ ಒಯ್ದಿತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಅವನು ಸಂಪಾದಿಸಿದನು.

ಎರಡು ದಶಕಗಳ ದುಡಿಮೆಯ ಫಲವಾದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1,700ಕ್ಕೂ ಹೆಚ್ಚು ಪುಟಗಳ ಈ ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ಹಳೆಯ ಕಾವ್ಯಗಳ ಪ್ರಯೋಗಗಳ ಪಕ್ಕದಲ್ಲೇ ಗಾದೆ, ಒಗಟು, ಮನೆಮಾತುಗಳಿಗೂ ಕಿಟ್ಟೆಲ್ ಜಾಗ ಕೊಟ್ಟಿದ್ದಾನೆ. ದ್ರಾವಿಡ ಭಾಷೆಗಳ ಸಮಾನರೂಪಗಳನ್ನು ಹೋಲಿಸಿದ್ದಾನೆ. ಅನೇಕ ಮಾತುಗಳು ಯಾವ ಪ್ರಾಂತದವೆಂಬುದನ್ನೂ ಸೂಚಿಸಿದ್ದಾನೆ. ಕೆಲಸದಲ್ಲಿ ಅವನಿಗೆ ಸ್ಥಳೀಯ ಪಂಡಿತರ ಸಹಾಯವಿತ್ತು. ಮುಖಪುಟದಲ್ಲಿ ಅವರ ಹೆಸರಿಲ್ಲ. ಧಾರವಾಡ ಕಡೆಯ ಬಳಕೆಗಳಿಗೆ ಅವನು ಹಾಕಿದ ಗುರುತು ‘ದಕ್ಷಿಣ ಮರಾಠಾ’ ಎಂಬುದರ ಸಂಕ್ಷೇಪ. ಕನ್ನಡದ ಸಂಪತ್ತನ್ನು ಲೋಕಕ್ಕೆ ತೋರಿದ ಗ್ರಂಥದಲ್ಲಿಯೇ ಈ ಸೀಮೆಯ ಕನ್ನಡಕ್ಕೆ ಮರಾಠರ ಹೆಸರಿನ ಚೀಟಿ ಅಂಟಿಕೊಂಡಿದೆಯೆಂಬುದನ್ನು ನಿಘಂಟು ತೆರೆದ ಓದುಗ ಇಂದಿಗೂ ಕಾಣಬಹುದು. ಅದು ಕಿಟ್ಟೆಲನ ತಪ್ಪಲ್ಲ, ಆ ಕಾಲದ ಭೂಪಟದ ಭಾಷೆ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೂ ಗೌರವ ಡಾಕ್ಟರೇಟ್ ನೀಡಿತು. ಅವನ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವನು ನಿಧನನಾದನು. ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ಟರು ಸಿದ್ಧಪಡಿಸಿ ಮದರಾಸು ವಿಶ್ವವಿದ್ಯಾಲಯ ಪ್ರಕಟಿಸಿತು. ಮಲಯಾಳಂ ಭಾಷೆಗೆ ಇಂಥದೇ ನಿಘಂಟನ್ನು 1872ರಲ್ಲಿ ಕೊಟ್ಟ ಹರ್ಮನ್ ಗುಂಡರ್ಟ್ ಕೂಡ ಬಾಸೆಲ್ ಮಿಷನ್ನಿನವನೇ, ಮೋಗ್ಲಿಂಗನ ಆಪ್ತಮಿತ್ರ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿಯ ತಂದೆ.

ಉತ್ತಂಗಿ ಚನ್ನಪ್ಪ

ಇದುವರೆಗೆ ಹೇಳಿದವರೆಲ್ಲ ಹೊರಗಿನಿಂದ ಬಂದು ಕನ್ನಡ ಕಲಿತವರು. ಕ್ರೈಸ್ತನಾಗಿದ್ದುಕೊಂಡೇ ಕನ್ನಡದ ಭಕ್ತಿ ಮತ್ತು ಅನುಭಾವ ಪರಂಪರೆಗೆ ವಾರಸುದಾರನಾಗಲು ಸಾಧ್ಯವೇ ಎಂಬ ಪ್ರಶ್ನೆ ಅವರನ್ನು ಕಾಡಬೇಕಾಗಿರಲಿಲ್ಲ. ಆ ಪ್ರಶ್ನೆಯನ್ನು ತನ್ನ ಬದುಕಿನಲ್ಲಿಯೇ ಎದುರಿಸಿದವರು ಉತ್ತಂಗಿ ಚನ್ನಪ್ಪನವರು (1881–1962). ಧಾರವಾಡದಲ್ಲಿ ಹುಟ್ಟಿದ ಅವರ ಮನೆತನದ ಮೂಲ ಹಡಗಲಿ ಕಡೆಯ ಉತ್ತಂಗಿ. ಮಂಗಳೂರಿನ ಮಿಷನ್ ದೇವಜ್ಞಾನ ಶಾಲೆಯಲ್ಲಿ ವ್ಯಾಸಂಗ ಮಾಡಿ ಬೋಧಕರಾದರು.

ಸರ್ವಜ್ಞನ ತ್ರಿಪದಿಗಳನ್ನು ಅವರು ವರ್ಷಗಳ ಕಾಲ ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸಂಗ್ರಹಿಸಿದರು. ಈ ಕೆಲಸದ ತೊಡಕು ಸಾಮಾನ್ಯವಾದುದಲ್ಲ. ತ್ರಿಪದಿಯು ಉತ್ತರ ಕರ್ನಾಟಕದ ಹಳ್ಳಿಗಳ ಉಸಿರು. ಬೀಸುವ ಹಾಡು, ಕುಟ್ಟುವ ಹಾಡುಗಳೂ ಅದೇ ಮಟ್ಟಿನಲ್ಲಿ ಇರುತ್ತವೆ. ನೀತಿಯ ಮಾತೊಂದನ್ನು ಮೂರು ಸಾಲಿಗೆ ಹೊಂದಿಸಿ ಕೊನೆಗೆ ‘ಸರ್ವಜ್ಞ’ ಎಂದರೆ ಅದು ಸರ್ವಜ್ಞನದಾಗಿಬಿಡುತ್ತದೆ. ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂದು ಹೇಳುವುದು ಕಷ್ಟ. ಉತ್ತಂಗಿಯವರು ಪಾಠಾಂತರಗಳನ್ನು ಪರಿಶೀಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ, ಸುಮಾರು ಎರಡು ಸಾವಿರ ವಚನಗಳ ಸಂಪುಟವನ್ನು 1924ರಲ್ಲಿ ಪ್ರಕಟಿಸಿದರು. ಮುಂದಿನ ಸರ್ವಜ್ಞ ಅಧ್ಯಯನಗಳಿಗೆಲ್ಲ ಇದು ಬುನಾದಿಯಾಯಿತು. ತೆಲುಗಿನ ವೇಮನನನ್ನು 1829ರಲ್ಲಿ ಅಚ್ಚಿಗೆ ತಂದ ಸಿ. ಪಿ. ಬ್ರೌನ್ ಕಂಪನಿಯ ಅಧಿಕಾರಿ, 1886ರಲ್ಲಿ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ. ಯು. ಪೋಪ್ ಆಂಗ್ಲ ಮಿಷನರಿ. ಸರ್ವಜ್ಞನಿಗೆ ಸಿಕ್ಕಿದ ಕ್ರೈಸ್ತ ಸಂಪಾದಕ ಮಾತ್ರ ಅದೇ ನೆಲದವನು, ಅದೇ ಮಾತಿನವನು.

ಇದೇ ಸಮಯದಲ್ಲಿ ಇನ್ನೊಂದು ಸಂಗ್ರಹಕಾರ್ಯವೂ ನಡೆದಿತ್ತು. ಉತ್ತಂಗಿಯವರಿಗಿಂತ ಒಂದು ವರ್ಷ ಮೊದಲು, 1880ರಲ್ಲಿ, ಧಾರವಾಡದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರು ಶರಣರ ವಚನಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದರು. ಉತ್ತಂಗಿಯವರು ಮುಂದೆ ವಚನಗಳ ಕ್ಷೇತ್ರಕ್ಕೂ ಬಂದರು. ಸಿದ್ಧರಾಮನ ಸಾಹಿತ್ಯವನ್ನೂ ಮೋಳಿಗೆ ಮಾರಯ್ಯ ಹಾಗೂ ರಾಣಿ ಮಹಾದೇವಿಯರ ವಚನಗಳನ್ನೂ ಸಂಪಾದಿಸಿದರು. ಕಲ್ಯಾಣದ ಅನುಭವ ಮಂಟಪ ನಿಜವಾಗಿ ಇತ್ತೇ ಅಥವಾ ನಂತರದ ಕಲ್ಪನೆಯೇ ಎಂಬ ವಿವಾದ ಎದ್ದಾಗ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನೇ ಬರೆದು ಅದರ ಪರವಾಗಿ ವಾದಿಸಿದವರು ಈ ಕ್ರೈಸ್ತ ಬೋಧಕರು.

ಅವರ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಕೃತಿಯ ಹೆಸರೇ ಅವರ ನಿಲುವನ್ನು ಸೂಚಿಸುತ್ತದೆ. ಬೆತ್ಲೆಹೇಮು ಕಾಶಿಗೆ ಕಳುಹಿಸುವುದು ಆಜ್ಞೆಯಲ್ಲ, ಸವಾಲೂ ಅಲ್ಲ, ವಿನಂತಿ. ಭಾರತದ ಅಧ್ಯಾತ್ಮ ಪರಂಪರೆಯ ಮನೆಯೊಳಗೆ ಕ್ರಿಸ್ತನಿಗೂ ಒಂದು ಪೀಠವಿರಲಿ ಎಂಬ ಈ ಬೇಡಿಕೆ ಸಭೆಯ ಒಳಗೂ ಹೊರಗೂ ಚರ್ಚೆಗೆ ಕಾರಣವಾಯಿತು. ಕ್ರಿಸ್ತನೊಬ್ಬನೇ ರಕ್ಷಕನೆಂಬ ಸಿದ್ಧಾಂತಕ್ಕೆ ಇದು ಪೆಟ್ಟು ಕೊಡುವುದೆಂದು ಒಂದು ಕಡೆಯವರಿಗೆ ಅನ್ನಿಸಬಹುದು. ಮತಾಂತರಕ್ಕೆ ಇದು ಹೊಸ ದಾರಿಯೆಂದು ಇನ್ನೊಂದು ಕಡೆಯವರಿಗೆ ಅನ್ನಿಸಬಹುದು. ಎರಡು ಶಂಕೆಗಳ ನಡುವೆ ನಿಲ್ಲುವುದು ಸುಲಭದ ಜಾಗವಲ್ಲ. ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು (1861–1919) ವಾರಕರಿ ಭಕ್ತರ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿ ನಿಂತ ಜಾಗವೂ ಇದೇ.

1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿತ್ತು. ಏಕೀಕರಣದ ಕೂಗು ಎಲ್ಲೆಡೆ ಕೇಳುತ್ತಿತ್ತು. ‘ತಿರುಳ್ಗನ್ನಡ ತಿರುಕ’ ಎಂಬ ಬಿರುದಿನಿಂದ ಅವರನ್ನು ಕನ್ನಡಿಗರು ನೆನೆಯುತ್ತಾರೆ.

ಜನಪರಂಪರೆಯ ಪ್ರತಿಕ್ರಿಯೆ

ಪಾದ್ರಿಗಳ ವರದಿಗಳನ್ನು ಮಾತ್ರ ಓದಿದರೆ ಈ ಸೀಮೆಯ ಜನ ಕೇಳಿಸಿಕೊಳ್ಳುವವರಾಗಿಯೋ ತಿರಸ್ಕರಿಸುವವರಾಗಿಯೋ ಕಾಣುತ್ತಾರೆ. ಆದರೆ ಇಲ್ಲಿ ಧರ್ಮಗಳ ನಡುವೆ ಕೊಡುಕೊಳೆಯ ಬೇರೆ ಪದ್ಧತಿಗಳೂ ಇದ್ದವು. ಶಿಶುನಾಳದ ಷರೀಫರು (1819–1889) ಶಾಲಾಮಾಸ್ತರರಾಗಿದ್ದ ಮುಸಲ್ಮಾನರು. ಅವರ ಗುರು ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಗುರುವನ್ನು ಪಡೆಯಲು ಷರೀಫರು ಮತವನ್ನು ಬಿಡಬೇಕಾಗಲಿಲ್ಲ. ಮಿಷನ್ನಿನ ಮೊದಲ ಐವತ್ತು ವರ್ಷಗಳೂ ಷರೀಫರ ಜೀವಿತಕಾಲವೂ ಒಂದೇ ಎಂಬುದನ್ನು ಗಮನಿಸಿದರೆ, ಪಾದ್ರಿಗಳಿಗೆ ಯಶಸ್ಸು ಏಕೆ ಕಡಿಮೆಯಾಯಿತೆಂಬುದಕ್ಕೆ ಒಂದು ವಿವರಣೆ ಸಿಗುತ್ತದೆ: ಗುರುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದ ಕಡೆ ಮತ ಬದಲಿಸುವ ಅಗತ್ಯ ಅಷ್ಟಾಗಿ ಕಾಣುವುದಿಲ್ಲ. ಆ ಸ್ವಾತಂತ್ರ್ಯ ಊರ ಹೊರಗಿನ ಕೇರಿಗೆ ತಲುಪದಿದ್ದಾಗ ಮಿಷನ್ನಿನ ಕರೆ ಹೆಚ್ಚು ಕೇಳಿಸಿತು.

ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ಹಳೆಯ ಬೈಬಲ್ ಪ್ರತಿಯೊಂದನ್ನು ಪೂಜ್ಯಭಾವದಿಂದ ಕಾಪಾಡಿಕೊಂಡು ಬರಲಾಗಿದೆ. ಹತ್ತೊಂಬತ್ತನೆಯ ಶತಮಾನದ ಈ ಅವಧೂತರು ಆ ಗ್ರಂಥಕ್ಕೆ ರಂಧ್ರ ಕೊರೆದರೆಂದೂ, ಆ ರಂಧ್ರ ತಾನಾಗಿಯೇ ಮುಚ್ಚಿಕೊಳ್ಳುತ್ತ ಬರುತ್ತಿದೆಯೆಂದೂ ಭಕ್ತರ ನಂಬಿಕೆ. ಐತಿಹ್ಯವನ್ನು ಇತಿಹಾಸವೆಂದು ತಿಳಿಯಬೇಕಾಗಿಲ್ಲ. ಹಳ್ಳಿಗಳಲ್ಲಿ ಪಾದ್ರಿಗಳು ಹಂಚಿದ ಪುಸ್ತಕಕ್ಕೆ ಜನರು ತಮ್ಮದೇ ಅರ್ಥ ಕೊಟ್ಟುಕೊಂಡು, ಅದನ್ನು ಒಪ್ಪದೆಯೂ ಎಸೆಯದೆಯೂ ಮಠದೊಳಗೆ ಇಟ್ಟುಕೊಂಡರೆಂಬುದು ಮಾತ್ರ ಈ ಸೀಮೆಗೆ ಒಪ್ಪುವ ಸಂಗತಿ.

ವಿಮರ್ಶೆ

ಮಿಷನರಿಗಳ ಕನ್ನಡ ಸೇವೆಯನ್ನು ಕುರಿತ ಅಭಿಪ್ರಾಯಗಳು ಎರಡು ತುದಿಗಳಲ್ಲಿ ನಿಲ್ಲುವುದುಂಟು. ಅವರ ಉದ್ದೇಶ ಮತಾಂತರವಾಗಿತ್ತೆಂಬುದನ್ನು ಮರೆಮಾಚಿ ಅವರನ್ನು ಕನ್ನಡದ ಸೇವಕರೆಂದು ಮಾತ್ರ ಬಣ್ಣಿಸುವುದು ಒಂದು. ಉದ್ದೇಶ ಅದಾಗಿದ್ದುದರಿಂದ ಕೆಲಸವೆಲ್ಲ ಕಪಟವೆಂದು ತಳ್ಳುವುದು ಇನ್ನೊಂದು. ಅವರು ತಮ್ಮ ಉದ್ದೇಶವನ್ನು ಎಂದೂ ಮುಚ್ಚಿಟ್ಟವರಲ್ಲ. ಸ್ಥಳೀಯ ಧರ್ಮಗಳನ್ನು ಖಂಡಿಸಿದ ಅವರ ಕರಪತ್ರಗಳ ಧಾಟಿ ಅನೇಕ ಕಡೆ ಒರಟು. ಇಂದಿನ ಓದುಗನಿಗೆ ಅದು ನೋವು ತರಬಲ್ಲದು. ಅದೇ ಜನರ ನಿಘಂಟನ್ನು ತೆರೆದರೆ, ಯಾವ ಪದವನ್ನೂ ಕೀಳೆಂದು ಬಿಡದ ಶ್ರದ್ಧೆ ಕಾಣುತ್ತದೆ. ಡಾ. ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ (1974) ಎಂಬ ಸಂಶೋಧನ ಗ್ರಂಥದಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಬರೆಹವನ್ನು ವಿಸ್ತಾರವಾಗಿ ಪರಿಶೀಲಿಸಿದ್ದು, ಮಿಷನರಿ ಸಾಹಿತ್ಯದ ಅಧ್ಯಯನಕ್ಕೆ ಅದು ಇಂದಿಗೂ ಮುಖ್ಯ ಆಕರವಾಗಿದೆ.

ನಂತರದ ಸ್ಥಿತಿ

ಒಂದನೆಯ ಮಹಾಯುದ್ಧದಲ್ಲಿ ಜರ್ಮನಿಯು ಬ್ರಿಟನ್ನಿನ ಶತ್ರುವಾದುದರಿಂದ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಲಾಯಿತು; ಕಾರ್ಖಾನೆಗಳು ಸರ್ಕಾರದ ಮೂಲಕ ಬೇರೆಯವರ ಕೈಸೇರಿದವು. ಸಭೆಗಳ ಹೊಣೆ ಕ್ರಮೇಣ ಸ್ಥಳೀಯರಿಗೆ ಬಂದಿತು. ಈಗ ಈ ಭಾಗದ ಸಭೆಗಳು ಚರ್ಚ್ ಆಫ್ ಸೌತ್ ಇಂಡಿಯಾದ ಉತ್ತರ ಕರ್ನಾಟಕ ಧರ್ಮಪ್ರಾಂತದಲ್ಲಿದ್ದು, ಅದರ ಕೇಂದ್ರ ಧಾರವಾಡದಲ್ಲಿದೆ. ಆರಾಧನೆ ನಡೆಯುವುದು ಕನ್ನಡದಲ್ಲಿ. ಧಾರವಾಡದ ಕಿಟ್ಟೆಲ್ ಕಾಲೇಜು ನಿಘಂಟುಕಾರನ ಹೆಸರನ್ನು ಉಳಿಸಿಕೊಂಡಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವನ ಪ್ರತಿಮೆಯಿದೆ.